ಇಬ್ಬರಿಗೆ ಮಾತ್ರ ಗೊತ್ತಿದ್ದ ಮಾತು

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ಟೈಲರಕ್ಕ ಎಂದೇ ಕರೆಯುತ್ತಿದ್ದರು. ಮೂಲೆಯ ಹೊಲಿಗೆ ಅಂಗಡಿಯಲ್ಲಿ ಎರಡನೆಯ ಮಶೀನು ಅವಳದು. ಮೊದಲನೆಯದು ಮಾಲೀಕನದು, ಅವನು ಅದರಲ್ಲಿ ಹೊಲಿದದ್ದಕ್ಕಿಂತ ಅದರ ಮೇಲೆ ಮೊಣಕೈ ಊರಿ ಹರಟೆ ಹೊಡೆದದ್ದೇ ಹೆಚ್ಚು. ಅಳತೆ ಹಿಡಿಯುವುದು, ಕತ್ತರಿಸುವುದು, ಹೊಲಿಯುವುದು, ಕಾಜ ಹಾಕಿ ಗುಂಡಿ ಕೂರಿಸುವುದು, ಎಲ್ಲವೂ ಅವಳ ಕೈಯಲ್ಲೇ ಆಗಬೇಕು. ಇಪ್ಪತ್ತೆಂಟು ವರ್ಷ ಅದೇ ಸ್ಟೂಲಿನ ಮೇಲೆ ಕೂತು ಬೆನ್ನು ಒಂದು ಕಡೆಗೆ ವಾಲಿತ್ತು. ಮದುವೆಯಾಗಲಿಲ್ಲ. ಕೇಳಿಕೊಂಡು ಬಂದ ಇಬ್ಬರಿಗೂ ಅವಳು ಮೊದಲೇ ಹೇಳಿಬಿಟ್ಟಿದ್ದಳು: "ನನ್ನ ಜೊತೆ ನನ್ನ ತಮ್ಮನೂ ಬರ್ತಾನೆ." ಒಬ್ಬ ಟೀ ಕುಡಿದು ಎದ್ದುಹೋದ. ಇನ್ನೊಬ್ಬ ಕುಡಿಯದೆಯೇ ಎದ್ದುಹೋದ.

ತಮ್ಮ ಅವಳಿಗಿಂತ ಎರಡು ವರ್ಷ ಚಿಕ್ಕವನು. ಹುಟ್ಟಿದಾಗಿನಿಂದ ಕಿವಿ ಕೇಳುತ್ತಿರಲಿಲ್ಲ. ಕೇಳದ ಮಾತು ಬಾಯಿಗೆ ಬರುವುದಾದರೂ ಹೇಗೆ? ಬೀದಿಯವರು ಅವನನ್ನು ಮೂಗ ಅಂದರು, ಅದು ಅವನಿಗೆ ಕೇಳಿಸಲಿಲ್ಲವಾದ್ದರಿಂದ ಜಗಳವಾಗಲಿಲ್ಲ. ಜಗಳವೆಲ್ಲ ಅಕ್ಕನದು. ಏಳು ವರ್ಷದ ಹುಡುಗಿ ಹಾಗೆ ಕರೆದವರ ಮನೆಬಾಗಿಲಿಗೇ ಹೋಗಿ, "ಅವನು ಮಾತಾಡ್ತಾನೆ, ನಿಮಗೆ ಬರಲ್ಲ ಅಷ್ಟೇ" ಎಂದು ಕೂಗಿ ಬರುತ್ತಿದ್ದಳು.

ಅವಳು ಹೇಳಿದ್ದು ಸುಳ್ಳೇನಲ್ಲ. ಅವನು ಮಾತಾಡುತ್ತಿದ್ದ, ಕೈಯಲ್ಲಿ. ಯಾರೂ ಕಲಿಸಿದ್ದಲ್ಲ. ಅಡುಗೆಮನೆಯ ನೆಲದ ಮೇಲೆ, ಅಮ್ಮ ಬಟ್ಟೆ ಹೊಲಿಯುವಾಗ ಮಶೀನಿನ ಕಾಲಬುಡದಲ್ಲಿ, ಇಬ್ಬರೂ ಸೇರಿ ಮಾತು ಹುಟ್ಟಿಸಿಕೊಂಡಿದ್ದರು. ಹಣೆಯ ಮೇಲೆ ಅಂಗೈ ಇಟ್ಟರೆ ಅಮ್ಮ, ಏಕೆಂದರೆ ಜ್ವರ ನೋಡುವವಳು ಅವಳೇ. ಅಪ್ಪ ಲಾರಿ ಓಡಿಸುತ್ತಿದ್ದ. ಗಾಳಿಯಲ್ಲಿ ಸ್ಟೀರಿಂಗು ತಿರುಗಿಸಿದರೆ ಅಪ್ಪ. ತಿಂಗಳಿಗೆ ಎರಡು ಸಲ ಮನೆಗೆ ಬರುತ್ತಿದ್ದ ಆತ ಕಲಿತದ್ದು ನಾಲ್ಕೇ ಸನ್ನೆ, ಅದರಲ್ಲೂ ಎರಡು ತಪ್ಪು. ದಪ್ಪಗಿದ್ದ ಸೋದರತ್ತೆಗೆ ಎರಡೂ ಕೆನ್ನೆ ಉಬ್ಬಿಸಿದರೆ ಸಾಕು. ಒಮ್ಮೆ ಅವಳು ಅದನ್ನು ನೋಡಿ, "ನನ್ನನ್ನ ಏನಂತ ಕರೀತಾನೆ?" ಎಂದು ಕೇಳಿದ್ದಳು. ಅಕ್ಕ ಚೂರೂ ತಡವರಿಸದೆ, "ಯಾವಾಗಲೂ ನಗೋ ಅತ್ತೆ ಅಂತ" ಎಂದಳು. ಅತ್ತೆ ಹಿಗ್ಗಿ ಹೀರೇಕಾಯಿಯಾಗಿ ಅವನಿಗೊಂದು ಅಂಗಿ ತಂದುಕೊಟ್ಟಳು. ಆ ಅಂಗಿ ಹಾಕಿದಾಗಲೆಲ್ಲ ಇಬ್ಬರೂ ಕೆನ್ನೆ ಉಬ್ಬಿಸಿ ನಕ್ಕು ಸುಸ್ತಾಗುತ್ತಿದ್ದರು.

ಪ್ರತಿಯೊಂದು ಸನ್ನೆಗೂ ಹೀಗೆ ಒಂದು ಹುಟ್ಟಿದ ದಿನವಿತ್ತು. ನಾಲ್ಕು ವರ್ಷದವನಿದ್ದಾಗ ಅಮ್ಮನ ಸೂಜಿ ಅವನ ತೋರುಬೆರಳಿಗೆ ಚುಚ್ಚಿಕೊಂಡಿತು. ಅಂದಿನಿಂದ ತೋರುಬೆರಳ ತುದಿಯನ್ನು ಚಿವುಟಿ ಮುಖ ಕಿವುಚಿದರೆ ನೋವು ಎಂದರ್ಥ. ಹಲ್ಲು ನೋವಾದರೂ ಅದೇ, ಮಂಡಿ ಒಡೆದುಕೊಂಡರೂ ಅದೇ. ಬೆರಳು ಚಿವುಟಿ ಜಾಗ ತೋರಿಸಿದರಾಯಿತು. ಕೋಪಕ್ಕೆ ಬೇರೆ ಸನ್ನೆ. ಮಕ್ಕಳ ಮೇಲೆ ಸಿಟ್ಟು ಬಂದ ದಿನ ಅಮ್ಮ ತಿಂಡಿಯ ಕಪಾಟಿಗೆ ಬೀಗ ಹಾಕಿ ಕೀಲಿಕೈಯನ್ನು ರವಿಕೆಯೊಳಗೆ ಇಟ್ಟುಕೊಳ್ಳುತ್ತಿದ್ದಳು. ಅದನ್ನು ನೋಡಿದ ತಮ್ಮ ತನಗೆ ಸಿಟ್ಟು ಬಂದಾಗ ಮುಷ್ಟಿಯನ್ನು ಎದೆಗೆ ಒತ್ತಿ ಒಂದು ಸುತ್ತು ತಿರುಗಿಸತೊಡಗಿದ. ಬೀಗ ಹಾಕಿದ್ದೇನೆ, ನಿನ್ನ ಜೊತೆ ಮಾತಿಲ್ಲ. ಆ ಬೀಗ ಕೆಲವೊಮ್ಮೆ ಮೂರು ದಿನವಾದರೂ ತೆಗೆಯುತ್ತಿರಲಿಲ್ಲ.

ಅವನಿಗೆ ಒಂಬತ್ತು ತುಂಬಿದಾಗ ಕಿವಿ ಕೇಳದ ಮಕ್ಕಳ ಶಾಲೆಯಿಂದ ಒಬ್ಬ ಮೇಷ್ಟ್ರು ಮನೆಗೆ ಬಂದರು. ಶಾಲೆ ದೂರದಲ್ಲಿತ್ತು, ಅಲ್ಲೇ ಉಳಿದು ಓದಬೇಕು.

"ಇಂಥ ಮಕ್ಕಳಿಗೆ ಅಂತಲೇ ಒಂದು ಭಾಷೆ ಇದೆಯಮ್ಮ," ಎಂದರು ಮೇಷ್ಟ್ರು. "ಸಾವಿರಾರು ಜನ ಆಡೋ ಭಾಷೆ. ಓದು ಬರಹಾನೂ ಬರುತ್ತೆ. ಕಳಿಸಿಕೊಡಿ."

ಅಮ್ಮನಿಗೆ ಮನಸ್ಸಿತ್ತು. ಆದರೆ ಹನ್ನೊಂದು ವರ್ಷದ ಅಕ್ಕ ಬಾಗಿಲಿಗೆ ಅಡ್ಡ ನಿಂತಳು. "ಅವನಿಗೆ ನಾನಿದ್ದೀನಿ. ಅಲ್ಲಿ ಅವನ ಮಾತು ಯಾರಿಗೂ ತಿಳಿಯಲ್ಲ. ಕಳಿಸಬೇಡಮ್ಮ, ಅತ್ತು ಅತ್ತು ಸತ್ತುಹೋಗ್ತಾನೆ." ಅತ್ತವಳು ಅವಳೇ. ಎರಡು ದಿನ ಊಟ ಬಿಟ್ಟಳು. ಮೂರನೆಯ ದಿನ ಅಮ್ಮ ಮೇಷ್ಟ್ರಿಗೆ ಹೇಳಿಕಳಿಸಿದಳು: ನಮ್ಮ ಮನೆಯಲ್ಲೇ ಅವನ ಮಾತು ತಿಳಿಯುವವಳು ಇದ್ದಾಳೆ, ಬೇರೆ ಶಾಲೆ ಬೇಡ. ಅದನ್ನು ಕೇಳಿ ಅಕ್ಕನಿಗೆ ಬಹುಮಾನ ಬಂದಷ್ಟು ಹೆಮ್ಮೆಯಾಯಿತು. ಶಾಲೆಗೆ ಹೋಗುತ್ತೀಯಾ ಎಂದು ತಮ್ಮನನ್ನು ಯಾರೂ ಕೇಳಲಿಲ್ಲ. ಕೇಳಬೇಕೆಂದರೂ ಶಾಲೆಯೆಂಬುದಕ್ಕೆ ಅವರಲ್ಲಿ ಸನ್ನೆ ಇರಲಿಲ್ಲ.

ಅಮ್ಮ ತೀರಿಕೊಂಡ ದಿನ ಅಕ್ಕನಿಗೆ ಮೊದಲ ಸಲ ಆ ಮಾತಿನ ಬಡತನ ಕಣ್ಣಿಗೆ ಬಿತ್ತು. ಅವಳಿಗೆ ಆಗ ಇಪ್ಪತ್ತೆರಡು. ತಮ್ಮ ಹೊರಗಿನಿಂದ ಬಂದು, ಮನೆ ತುಂಬ ಜನರನ್ನು ಕಂಡು, ಏನು ಎಂದು ಹುಬ್ಬೇರಿಸಿದ. ಸಾವಿಗೆ ಏನು ಸನ್ನೆ ಮಾಡುವುದು? ಅವರ ಮಾತಿನಲ್ಲಿ ಅಲ್ಲಿಯವರೆಗೆ ಯಾರೂ ಸತ್ತಿರಲಿಲ್ಲ. ಅವಳು ಹಣೆಯ ಮೇಲೆ ಕೈಯಿಟ್ಟಳು, ಆಮೇಲೆ ಕೆನ್ನೆಗೆ ಅಂಗೈ ಕೊಟ್ಟು ಕಣ್ಣು ಮುಚ್ಚಿದಳು. ಅಮ್ಮ, ನಿದ್ದೆ. ಅವನಿಗೆ ನೆಮ್ಮದಿಯಾಯಿತು. ಒಳಗೆ ಹೋಗಿ ಅಮ್ಮನ ಭುಜ ಹಿಡಿದು ಅಲುಗಾಡಿಸಿದ. ಏಳಲಿಲ್ಲ. ಮತ್ತೆ ಅಲುಗಾಡಿಸಿದ, ಜೋರಾಗಿ. ಹೆಂಗಸರು ಅವನ ಕೈ ಹಿಡಿದು ಬಿಡಿಸಬೇಕಾಯಿತು. ಅವನು ಅಕ್ಕನ ಕಡೆಗೆ ತಿರುಗಿ ನೋಡಿದ ನೋಟದಲ್ಲಿ ಇದ್ದದ್ದು ದುಃಖವಲ್ಲ, ನೀನು ನನಗೆ ಸುಳ್ಳು ಹೇಳಿದೆ ಎಂಬ ಮಾತು. ಆಮೇಲೆ ಅವನೇ ಒಂದು ಸನ್ನೆ ಕಂಡುಕೊಂಡ: ಹಿಟ್ಟಿನ ಡಬ್ಬಿಯನ್ನು ಬೋರಲು ಹಿಡಿದು ತಟ್ಟಿದ ಹಾಗೆ. ಒಳಗೆ ಏನೂ ಉಳಿದಿಲ್ಲ. ಐದು ವರ್ಷದ ಮೇಲೆ ಅಪ್ಪ ಹೋದಾಗ ಅವಳಿಗೆ ಅದು ಉಪಯೋಗಕ್ಕೆ ಬಂತು.

ತಮ್ಮ ಒಂದು ಮುದ್ರಣಾಲಯದ ಬೈಂಡಿಂಗ್ ವಿಭಾಗ ಸೇರಿದ್ದ. ಅಚ್ಚಾದ ಹಾಳೆಗಳನ್ನು ಮಡಚುವುದು, ಜೋಡಿಸುವುದು, ದಾರ ಹಾಕಿ ಹೊಲಿಯುವುದು, ಬೆನ್ನಿಗೆ ಅಂಟು ಬಳಿಯುವುದು. ಕೊನೆಗೆ ಪುಸ್ತಕದ ಕಟ್ಟನ್ನು ಎರಡು ಕಬ್ಬಿಣದ ಹಲಗೆಗಳ ನಡುವೆ ಇಟ್ಟು, ಮೇಲಿನ ತಿರುಪಿನ ಹಿಡಿಯನ್ನು ತಿರುಗಿಸಿ, ಅಂಟು ಒಣಗುವತನಕ ಅದುಮಿಡುವುದು. ಒಂದಕ್ಷರ ಓದಲು ಬಾರದಿದ್ದರೂ ಹಾಳೆ ತಲೆಕೆಳಗಾಗಿದ್ದರೆ, ಪುಟ ಹಿಂದುಮುಂದಾಗಿದ್ದರೆ ಎಲ್ಲರಿಗಿಂತ ಮೊದಲು ಅವನ ಕಣ್ಣಿಗೆ ಬೀಳುತ್ತಿತ್ತು. ಅಲ್ಲಿಯವರು ತಮಾಷೆಗೆ ಅವನಿಗೆ ಪ್ರೂಫ್ ರೀಡರ್ ಎಂದು ಹೆಸರಿಟ್ಟಿದ್ದರು. ಆ ತಮಾಷೆಯನ್ನು ಅವನಿಗೆ ತಿಳಿಸಲು ಅಕ್ಕ ಒಂದು ಸಂಜೆಯಿಡೀ ಒದ್ದಾಡಿದಳು. ತಿಳಿಯಿತೋ ಇಲ್ಲವೋ, ಅವಳಿಗೋಸ್ಕರ ನಕ್ಕ.

ಹೀಗೆಯೇ ವರ್ಷಗಳು ಉರುಳಿದವು. ಅವನಿಗೆ ನಲವತ್ತೆಂಟಾಯಿತು.

ಆ ವರ್ಷ ಮುದ್ರಣಾಲಯದವರೆಲ್ಲ ಸೇರಿ ಒಂದು ಭಾನುವಾರ ಬಸ್ಸು ಮಾಡಿಕೊಂಡು ಎಲ್ಲಿಗೋ ಹೊರಟರು. ತಮ್ಮನಿಗೂ ಬಾ ಎಂದು ಕೈ ಮಾಡಿದರು. ಅವನು ಕುಣಿಯುತ್ತ ಮನೆಗೆ ಬಂದು ಹೇಳಿದ. ಅಕ್ಕ ಬೇಡವೆಂದು ತಲೆಯಾಡಿಸಿದಳು. ಅಲ್ಲಿ ನಿನ್ನ ಮಾತು ಯಾರಿಗೆ ತಿಳಿಯುತ್ತದೆ? ದಾರಿ ತಪ್ಪಿದರೆ? ಅವನು ಹೋಗುತ್ತೇನೆಂದ, ಅವಳು ಆಗುವುದಿಲ್ಲವೆಂದಳು. ಭಾನುವಾರ ಬಸ್ಸು ಹೋಯಿತು, ಅವನು ಮನೆಯಲ್ಲೇ ಗೋಡೆ ನೋಡುತ್ತ ಕೂತ. ಅವಳು ತಟ್ಟೆ ತಂದಿಟ್ಟಾಗ ಮುಷ್ಟಿಯನ್ನು ಎದೆಗೆ ಒತ್ತಿ ತಿರುಗಿಸಿದ. ಸೋಮವಾರವೂ ಅದೇ.

ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅವನು ಹೊಲಿಗೆ ಅಂಗಡಿಯ ಬಾಗಿಲಲ್ಲಿ ಬಂದು ನಿಂತ. ಕೆಲಸದ ಹೊತ್ತಿನಲ್ಲಿ ಹಾಗೆ ಬಂದವನೇ ಅಲ್ಲ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು, ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಅಕ್ಕ ಹೊಲಿಯುತ್ತಿದ್ದ ಕುಪ್ಪಸವನ್ನು ಸೂಜಿಯಡಿಯಲ್ಲೇ ಬಿಟ್ಟು ಎದ್ದಳು. ಎರಡು ಬೀದಿಯಾಚೆಯ ಸಣ್ಣ ಕ್ಲಿನಿಕ್ಕಿಗೆ ಕರೆದೊಯ್ದಳು. ಬೆಂಚಿನ ತುಂಬ ಜನ. ಅವನನ್ನು ನೋಡಿ ಯಾರೋ ಜಾಗ ಬಿಟ್ಟರು.

"ಏನ್ ತೊಂದ್ರೆ?" ಎಂದ ಡಾಕ್ಟರು.

"ಇವನಿಗೆ ಕಿವಿ ಕೇಳಲ್ಲ, ಮಾತೂ ಬರಲ್ಲ ಡಾಕ್ಟ್ರೇ. ನನಗೆ ಹೇಳಿ, ನಾನು ಕೇಳ್ತೀನಿ."

"ಎದೆ ನೋವಿದೆಯಾ ಕೇಳಿ."

ಅವಳು ತೋರುಬೆರಳ ತುದಿ ಚಿವುಟಿ, ಮುಖ ಕಿವುಚಿ, ಅವನ ಎದೆಯತ್ತ ತೋರಿಸಿದಳು. ಅವನು ತಲೆ ತಗ್ಗಿಸಿ ತನ್ನ ಎದೆಯನ್ನೇ ನೋಡಿಕೊಂಡ. ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಇಲ್ಲವೆಂದು ತಲೆಯಾಡಿಸಿದ.

"ಇಲ್ವಂತೆ."

"ಸರಿಯಾಗಿ ಕೇಳಿದ್ರಾ?"

"ಅವನು ಹುಟ್ಟಿದಾಗಿನಿಂದ ಅವನ ಬಾಯಿ ನಾನೇ ಡಾಕ್ಟ್ರೇ."

ಆಗ ತಮ್ಮ ಅವಳ ತೋಳು ಹಿಡಿದು ಎಳೆದ. ಮುಷ್ಟಿಯನ್ನು ಎದೆಯ ನಡುವೆ ಒತ್ತಿ ತಿರುಗಿಸಿದ. ಒಂದು ಸುತ್ತಲ್ಲ, ಮತ್ತೆ ಮತ್ತೆ ತಿರುಗಿಸಿದ.

"ಈಗ ಏನಂದ?" ಎಂದ ಡಾಕ್ಟರು ಚೀಟಿಯಿಂದ ತಲೆಯೆತ್ತಿ.

"ಅದು ನಮ್ಮನೆ ಜಗಳ. ನನ್ನ ಮೇಲೆ ಕೋಪ ಅಂತಾನೆ. ಎರಡು ದಿನದಿಂದ ಇದೇ."

ಡಾಕ್ಟರು ನಕ್ಕ. ಹೊಟ್ಟೆ ಒತ್ತಿ ನೋಡಿದ, ಬೆಳಿಗ್ಗೆ ಏನು ತಿಂದ ಎಂದು ಕೇಳಿದ, ಗ್ಯಾಸು ಎಂದ. ಒಂದು ಬಾಟಲಿ ಔಷಧಿ, ನಾಲ್ಕು ಮಾತ್ರೆ. "ಮಲಗಿರಲಿ. ಸಂಜೆಗೂ ಕಡಿಮೆ ಆಗದಿದ್ರೆ ದೊಡ್ಡ ಆಸ್ಪತ್ರೆಗೆ ತೋರಿಸಿ." ಹೊರಗೆ ಬೆಂಚಿನ ಮೇಲೆ ಇನ್ನೂ ಹದಿನೈದು ಜನ ಕಾದಿದ್ದರು.

ಮನೆಗೆ ಕರೆದೊಯ್ದು ಚಾಪೆ ಹಾಸಿ ಮಲಗಿಸಿದಳು. ಔಷಧಿ ಕುಡಿಸಿದಳು. ಅವಳು ಏಳಲು ಹೋದಾಗ ಅವನು ಸೆರಗು ಹಿಡಿದ. ಮತ್ತೆ ಅದೇ ಮುಷ್ಟಿ, ಅದೇ ತಿರುಚು. ಅವಳಿಗೂ ರೇಗಿತು. ಇಷ್ಟು ಮಾಡಿದರೂ ಇವನ ಬೀಗ ತೆಗೆಯುವುದಿಲ್ಲವಲ್ಲ. ಅವಳೂ ತನ್ನ ಮುಷ್ಟಿಯನ್ನು ಎದೆಗೆ ಒತ್ತಿ ಒಂದು ಸುತ್ತು ತಿರುಗಿಸಿದಳು. ನನಗೂ ಕೋಪ ಬಂದಿದೆ, ಹೋಗು. ಅವನು ಅವಳ ಎದೆಯನ್ನು ನೋಡಿದ, ಮುಖ ನೋಡಿದ. ಕಣ್ಣಲ್ಲಿ ಗಾಬರಿ ಕಂಡಿತು, ಅವಳು ಅದನ್ನು ಪಶ್ಚಾತ್ತಾಪ ಅಂದುಕೊಂಡಳು. ಸಂಜೆಗೆ ಕೊಡಬೇಕಿದ್ದ ಎರಡು ಬಟ್ಟೆ ಬಾಕಿಯಿತ್ತು. ಬಾಗಿಲು ಮುಂದೆಳೆದುಕೊಂಡು ಅಂಗಡಿಗೆ ಹೋದಳು.

ನಾಲ್ಕೂವರೆಗೆ ಬಂದು ನೋಡಿದರೆ ಅವನು ಚಾಪೆಯ ಮೇಲಿರಲಿಲ್ಲ. ಬಾಗಿಲ ಹತ್ತಿರದವರೆಗೆ ತೆವಳಿ ಬಂದು ಗೋಡೆಗೆ ಒರಗಿದ್ದ. ದೇಹ ಆಗಲೇ ತಣ್ಣಗಾಗಿತ್ತು. ದೊಡ್ಡ ಆಸ್ಪತ್ರೆಯವರು ನೋಡಿ ಹೃದಯಾಘಾತ ಎಂದು ಬರೆದುಕೊಟ್ಟರು. "ನೋವು ಅಂತ ಹೇಳಲಿಲ್ವಾ?" ಎಂದು ಅಲ್ಲಿನ ನರ್ಸು ಕೇಳಿದಳು. ಇಲ್ಲ ಎಂದಳು ಅಕ್ಕ. ಅವನು ಸುಳ್ಳು ಹೇಳುವವನಲ್ಲ, ನೋವಿಲ್ಲ ಅಂದಿದ್ದ. ಆಮೇಲಿನ ಹನ್ನೆರಡು ದಿನ ಅವಳು ಆ ಒಂದು ಮಾತನ್ನೇ ಹಿಡಿದುಕೊಂಡು ನಿಂತಿದ್ದಳು: ನಾನು ಕೇಳಿದೆ, ಅವನೇ ಇಲ್ಲ ಅಂದ.

ಹದಿಮೂರನೆಯ ದಿನ ಅವನ ಸಾಮಾನು ತರಲು ಮುದ್ರಣಾಲಯಕ್ಕೆ ಹೋದಳು. ಒಂದು ಅಂಗಿ, ಊಟದ ಡಬ್ಬಿ, ಹಾಳೆ ಮಡಚುವ ಮೂಳೆಯಂಥ ಪಟ್ಟಿ, ದಾರದ ಉಂಡೆ. ಬೈಂಡಿಂಗ್ ಮೇಸ್ತ್ರಿ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಟ್ಟಿದ್ದ. ವಯಸ್ಸಾದ ಮನುಷ್ಯ, ಒಳ್ಳೆಯವನು. ಸ್ಟೂಲು ಎಳೆದು ಅವಳನ್ನು ಕೂರಿಸಿದ.

"ಅಕ್ಕಾ, ನನ್ನ ಮನಸ್ಸಲ್ಲಿ ಒಂದು ಕೊರೀತಿದೆ. ಹೇಳಲೋ ಬೇಡವೋ ಗೊತ್ತಿಲ್ಲ."

"ಹೇಳಿ."

"ಅವತ್ತು ಬೆಳಿಗ್ಗೆ ಅವನು ನನ್ನ ಹತ್ರ ಬಂದ. ಅಲ್ಲಿದೆಯಲ್ಲ, ಪುಸ್ತಕ ಅದುಮೋ ಯಂತ್ರ, ಅದನ್ನ ತೋರಿಸಿದ. ಆಮೇಲೆ ಅದರ ಹಿಡಿ ತಿರುಗಿಸಿದ ಹಾಗೆ ಮಾಡಿ ಎದೆ ಮೇಲೆ ಕೈ ಇಟ್ಕೊಂಡ. ಮತ್ತೆ ಯಂತ್ರ ತೋರಿಸಿದ, ಮತ್ತೆ ಎದೆ. ನಾನು ಕಟ್ಟು ಅದುಮಿ ಇಡ್ಲಾ ಅಂತ ಕೇಳ್ತಿದ್ದಾನೆ ಅಂದ್ಕೊಂಡೆ. ಹೂಂ, ಇಡು ಅಂತ ತಲೆಯಾಡಿಸಿದೆ." ಮೇಸ್ತ್ರಿ ಕಣ್ಣೊರೆಸಿಕೊಂಡ. "ಮುಖ ಬಾಡಿದ್ದು ನೋಡಿ ಆಮೇಲೆ ಮನೆಗೆ ಹೋಗು ಅಂದೆ. ಅವನ ಮಾತು ನಮಗೆಲ್ಲಿ ತಿಳೀಬೇಕು ಅಕ್ಕಾ? ನಿಮಗಾದ್ರೆ ತಿಳೀತಿತ್ತು."

ಅವಳು ಆ ಯಂತ್ರದ ಕಡೆ ನೋಡಿದಳು. ಎರಡು ಹಲಗೆಗಳ ನಡುವೆ ಯಾವುದೋ ಪುಸ್ತಕದ ಕಟ್ಟು ಇತ್ತು. ಮೇಲಿನ ಹಿಡಿ ಒಂದು ಮುಷ್ಟಿಗೆ ಸರಿಯಾಗಿ ಹೊಂದುವಂಥದ್ದು. ಒಬ್ಬ ಹುಡುಗಿ ಬಂದು ಅದನ್ನು ಹಿಡಿದು ಇನ್ನೆರಡು ಸುತ್ತು ಬಿಗಿ ಮಾಡಿ ಹೋದಳು.

ಎದ್ದು ಹೇಗೆ ಮನೆಗೆ ಬಂದಳೋ ಅವಳಿಗೆ ನೆನಪಿಲ್ಲ. ಬಾಗಿಲು ಹಾಕಿ ನೆಲದ ಮೇಲೆ ಕೂತು ಎಲ್ಲವನ್ನೂ ಒಂದೊಂದಾಗಿ ಬಿಚ್ಚಿದಳು, ಕೆಟ್ಟ ಹೊಲಿಗೆಯನ್ನು ಬಿಚ್ಚುವಂತೆ. ಡಾಕ್ಟರು ಕೇಳಿದ್ದು ನೋವಿದೆಯಾ ಎಂದು. ಅವಳು ಕೇಳಿದ್ದು ಸೂಜಿ ಚುಚ್ಚುತ್ತಿದೆಯಾ ಎಂದು. ಹಲ್ಲಿಗೆ, ಮಂಡಿಗೆ, ಕಿವಿಗೆ ಸಾಕಾಗಿದ್ದ ಸನ್ನೆ ಅದು. ನಲವತ್ತು ವರ್ಷ ಅದರಲ್ಲಿ ಸೂಜಿ ಇದೆಯೆಂಬುದೇ ಅವಳಿಗೆ ಮರೆತುಹೋಗಿತ್ತು. ಅವನಿಗೆ ಮರೆತಿರಲಿಲ್ಲ. ಅವನು ತನ್ನ ಎದೆಯನ್ನು ನೋಡಿಕೊಂಡು, ಯೋಚಿಸಿ, ನಿಜವನ್ನೇ ಹೇಳಿದ: ಚುಚ್ಚುತ್ತಿಲ್ಲ. ಕಬ್ಬಿಣದ ಹಲಗೆ ಬಂದು ಕೂತಿದೆ, ಯಾರೋ ತಿರುಪು ಬಿಗಿಯುತ್ತಿದ್ದಾರೆ. ಅದಕ್ಕೆ ಅವರಲ್ಲಿ ಸನ್ನೆ ಇರಲಿಲ್ಲ, ಆ ಬೆಳಿಗ್ಗೆ ಅವನೇ ಒಂದನ್ನು ಮಾಡಿಕೊಂಡು ಅದನ್ನು ಹಿಡಿದು ಅವಳ ಹತ್ತಿರ ಓಡಿಬಂದಿದ್ದ. ಅವಳು ಅದನ್ನು ಹಳೆಯ ಬೀಗವೆಂದು ಓದಿದಳು. ತಾನೂ ತಿರುಗಿ ಅದನ್ನೇ ಮಾಡಿ ತೋರಿಸಿದಳು. ಅವನ ಕಣ್ಣಿನ ಗಾಬರಿ ಏನೆಂದು ಈಗ ತಿಳಿಯಿತು. ಅಕ್ಕನಿಗೂ ಹೀಗೇ ಆಗುತ್ತಿದೆ ಎಂದುಕೊಂಡಿದ್ದ ಅವನು. ಬಾಗಿಲವರೆಗೆ ತೆವಳಿದ್ದು ತನಗೋಸ್ಕರವೋ ಅವಳಿಗೋಸ್ಕರವೋ, ಅದನ್ನು ಯಾರನ್ನು ಕೇಳುವುದು?

ಒಂದು ತಿಂಗಳ ಮೇಲೆ ಕಿವಿ ಕೇಳದ ಮಕ್ಕಳ ಶಾಲೆಯಿಂದ ಒಬ್ಬ ಟೀಚರು ಬಂದಳು. ಹಳೆಯ ಮೇಷ್ಟ್ರು ಯಾವಾಗಲೋ ತೀರಿಹೋಗಿದ್ದರು. ಮುದ್ರಣಾಲಯದವರಿಂದ ವಿಷಯ ತಿಳಿದು, ಮನೆಯಲ್ಲೇ ಹುಟ್ಟಿದ ಆ ಸನ್ನೆಗಳನ್ನು ವಿಡಿಯೋ ಮಾಡಿಟ್ಟುಕೊಳ್ಳಬೇಕೆಂದು ಬಂದಿದ್ದಳು. ಮೃದು ಸ್ವಭಾವದವಳು, ಬೇಡವೆನ್ನಲು ಅಕ್ಕನಿಗೆ ಬಾಯಿ ಬರಲಿಲ್ಲ. ಟೀಚರು ಫೋನನ್ನು ಡಬ್ಬಿಗೆ ಒರಗಿಸಿಟ್ಟಳು.

ಅಕ್ಕ ಅಮ್ಮನ ಸನ್ನೆ ತೋರಿಸಿದಳು, ಅಪ್ಪನದು ತೋರಿಸಿದಳು, ನೀರು, ಊಟ, ಭಾನುವಾರ. ಒಂದೊಂದಕ್ಕೂ ಬಾಯಲ್ಲಿ ಅರ್ಥ ಹೇಳಿದಳು.

"ಸ್ವಲ್ಪ ಸಹಜವಾಗಿ ಮಾಡ್ತೀರಾ?" ಎಂದಳು ಟೀಚರು. "ಎದುರಿಗೆ ಯಾರೋ ಇದ್ದಾರೆ ಅನ್ನೋ ಹಾಗೆ."

ಅಕ್ಕನ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಮಡಿಲಿಗೆ ಬಿತ್ತು. ಅವಳು ಟೀಚರನ್ನು ಕೇಳಿದಳು: "ನಿಮ್ಮ ಭಾಷೇಲಿ, ಎದೆ ಅದುಮಿದ ಹಾಗಾಗೋದಕ್ಕೆ ಸನ್ನೆ ಇದೆಯಾ?"

"ಇದೆ." ಟೀಚರು ಕ್ಷಣದಲ್ಲಿ ಮಾಡಿ ತೋರಿಸಿದಳು.

"ಅದನ್ನ ಕಲಿಯೋಕೆ ಎಷ್ಟು ದಿನ ಬೇಕು?"

"ಮಕ್ಕಳು ಮೊದಲನೇ ವರ್ಷಾನೇ ಕಲೀತಾರೆ. ಹುಷಾರಿಲ್ಲ ಅಂದ್ರೆ ಹೇಳ್ಬೇಕಲ್ಲ, ಅದಕ್ಕೆ." ಹೇಳಿದ ಮೇಲೆ ಟೀಚರಿಗೆ ಏನೋ ಹೊಳೆದು, "ಯಾಕೆ ಕೇಳಿದ್ರಿ?" ಎಂದಳು.

"ಅವನು ಒಂಬತ್ತು ವರ್ಷದವನಿದ್ದಾಗ ನಿಮ್ಮ ಶಾಲೆಗೆ ಕಳಿಸೋದನ್ನ ತಪ್ಪಿಸಿದವಳು ನಾನು," ಎಂದಳು ಅಕ್ಕ. "ಅವನ ಮಾತು ನನಗೊಬ್ಬಳಿಗೇ ತಿಳೀಬೇಕು ಅಂತಿತ್ತು ನನಗೆ."

ಟೀಚರು ಅವಳ ಕೈ ಹಿಡಿದು ಏನೇನೋ ಸಮಾಧಾನ ಹೇಳಿದಳು. ನೀವು ಮಗು ಆಗ, ನಿಮ್ಮ ತಪ್ಪಲ್ಲ, ಹಾಗೆಲ್ಲ. ಫೋನು ಎಲ್ಲವನ್ನೂ ಚಿತ್ರೀಕರಿಸಿಕೊಳ್ಳುತ್ತಲೇ ಇತ್ತು. ಹೋಗುವಾಗ ಮುಂದಿನ ವಾರ ಬರುತ್ತೇನೆ ಎಂದಳು. ಬಂದಾಗ ಅಕ್ಕ ಬಾಗಿಲು ತೆಗೆಯಲಿಲ್ಲ.

ಅಂಗಡಿಗೆ ಹೋಗುವುದನ್ನು ಬಿಡಲಿಲ್ಲ. ಆದರೆ ಅಲ್ಲೊಂದು ಹೊಸ ರೋಗ ಹತ್ತಿಕೊಂಡಿತು. ಗಿರಾಕಿ ಬಂದು, "ಸೊಂಟದ ಹತ್ರ ಸ್ವಲ್ಪ ಬಿಗಿಯಾಗಿರಲಿ" ಎಂದರೆ, "ಬಿಗಿ ಅಂದ್ರೆ ಹೇಗೆ? ಹಿಡಿದು ತೋರಿಸಿ" ಎನ್ನುವಳು. ತೋರಿಸಿದರೆ, "ಉಸಿರಾಡೋಕೆ ಆಗುತ್ತಾ? ಕೂತು ನೋಡಿ. ನಿಜ ಹೇಳಿ" ಎನ್ನುವಳು. ಸರಿ ಎಂದವರನ್ನು ಯಾವ ಸರಿ ಎಂದು ಕೇಳುವಳು. ಮೊದಮೊದಲು ಜನ ನಕ್ಕರು, ಆಮೇಲೆ ಮುಖ ಸಿಂಡರಿಸಿದರು. ಒಬ್ಬ ಹೆಂಗಸಂತೂ, "ಬಟ್ಟೆ ಹೊಲೀತೀರೋ ಕೋರ್ಟಲ್ಲಿ ಸಾಕ್ಷಿ ಕೇಳ್ತೀರೋ?" ಎಂದು ಬಟ್ಟೆ ಕಿತ್ತುಕೊಂಡು ಹೋದಳು.

ಮಾಲೀಕ ಒಂದು ದಿನ ಹತ್ತಿರ ಬಂದು ದನಿ ತಗ್ಗಿಸಿದ. "ಅಕ್ಕಾ, ಅಳತೆ ನಾನು ತಗೋತೀನಿ. ನೀವು ಒಳಗಡೆ ಕಾಜ ಗುಂಡಿ ನೋಡ್ಕೊಳ್ಳಿ. ಜನರ ಜೊತೆ ಮಾತಿಲ್ಲ, ಆರಾಮು."

ಆರಾಮು ಎಂದರೆ ಏನೆಂದು ಅವಳು ಅವನನ್ನು ಕೇಳಲಿಲ್ಲ. ಸ್ಟೂಲು ಎತ್ತಿಕೊಂಡು ಒಳಗೆ ಹೋದಳು. ಅಲ್ಲಿ ಕಿಟಕಿ ಇರಲಿಲ್ಲ.

ಮನೆಯಲ್ಲಿ ಅವಳು ಸನ್ನೆಗಳನ್ನು ಉಳಿಸಿಕೊಳ್ಳಲು ನೋಡಿದಳು. ಬೆಳಿಗ್ಗೆ ಎದ್ದೊಡನೆ ಕಣ್ಣಿಗೆ ಬಿದ್ದ ಸಾಮಾನುಗಳನ್ನೆಲ್ಲ ಕೈಯಲ್ಲಿ ಹೇಳುವಳು. ಆದರೆ ಉತ್ತರ ಬಾರದ ಕೈಮಾತು ದಿನದಿಂದ ದಿನಕ್ಕೆ ಒರಟಾಯಿತು, ಬಾಯಿಪಾಠದಂತಾಯಿತು. ಒಂದು ಬೆಳಿಗ್ಗೆ ಹೊರಗಿನ ನಲ್ಲಿಯಡಿಯಲ್ಲಿ ಬಕೆಟ್ಟಿಟ್ಟು ಕಲ್ಲಿನ ಮೇಲೆ ಕೂತಿದ್ದಾಗ ಕೈಯಲ್ಲಿ ಸಾಬೂನಿತ್ತು. ಸಾಬೂನಿಗೆ ಏನೆನ್ನುತ್ತಿದ್ದೆವು? ಅಂಗೈ ಉಜ್ಜಿ ನೋಡಿದಳು, ಅದು ತೊಳೆ ಎಂಬುದಕ್ಕೆ. ಕೆನ್ನೆಗೆ ಸವರಿ ನೋಡಿದಳು, ಅಲ್ಲ. ಮೂಗಿನ ಹತ್ತಿರ ಹಿಡಿದಳು, ಊದಿದಳು, ಕಣ್ಣುರಿದವಳಂತೆ ಮುಚ್ಚಿದಳು. ಅಲ್ಲ, ಯಾವುದೂ ಅಲ್ಲ. ದಿನಕ್ಕೆ ಎರಡು ಸಲ ಆಡಿದ ಮಾತು. ಅದು ಗೊತ್ತಿದ್ದ ಇನ್ನೊಬ್ಬ ಇಲ್ಲ, ಯಾವ ಪುಸ್ತಕದಲ್ಲೂ ಇಲ್ಲ.

ಪಕ್ಕದ ಮನೆಯಾಕೆ ಪಾತ್ರೆ ಹಿಡಿದು ಬಂದು, "ಏನಕ್ಕಾ, ಏನು ಹುಡುಕ್ತಿದ್ದೀರಾ?" ಎಂದಳು.

"ಏನಿಲ್ಲ," ಎಂದಳು ಅವಳು.

ನಲ್ಲಿಯ ನೀರು ಸಣ್ಣಗಾಗಿ ನಿಂತಿತು. ಅರ್ಧ ತುಂಬಿದ ಬಕೆಟ್ಟನ್ನು ಎತ್ತಿಕೊಂಡು ಅವಳು ಒಳಗೆ ಹೋದಳು.